ತೋಟದ ದಾರಿಯಲ್ಲಿ ಸೈಕಲ್: ಸಕಲೇಶಪುರ–ಮೂಡಿಗೆರೆ ಕಡೆ ಹೊರಟವರಿಗೆ

ಸಕಲೇಶಪುರ ಮತ್ತು ಮೂಡಿಗೆರೆ ನಡುವಿನ ಗುಡ್ಡಗಳಲ್ಲಿ ಮೌಂಟೇನ್ ಬೈಕ್ ಓಡಿಸಬೇಕು ಅಂತ ಹೊರಡುವವರು ಮೊದಲು ಕೇಳುವುದು "ಟ್ರೇಲ್ ಎಲ್ಲಿಂದ ಶುರು?" ಅಂತ. ಬೋರ್ಡು, ಬಾಣದ ಗುರುತು ಹುಡುಕಬೇಡಿ. ಇಲ್ಲಿರುವುದೆಲ್ಲ ಯಾರೋ ದಿನಾ ಓಡಾಡುವ ದಾರಿ. ಕಾಫಿ ಮೂಟೆ ಸಾಗಿಸುವ ಜೀಪು ದಾರಿ, ದನ ಮೇಯಲು ಹೋಗುವ ದಾರಿ, ಲೈನ್ ಮನೆಯಿಂದ ತೋಟಕ್ಕೆ ಕೆಲಸದವರು ನಡೆಯುವ ಕಾಲುದಾರಿ, ಗದ್ದೆಯ ಬದು. ಯಾವ ದಾರಿ ಯಾರದು ಅಂತ ನೋಡಿದ ತಕ್ಷಣ ಗೊತ್ತಾದರೆ, ಮುಂದೆ ಏರು ಎಷ್ಟಿದೆ, ಎಲ್ಲಿ ಇಳಿಯಬೇಕು ಅನ್ನುವುದೂ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಜೀಪು ದಾರಿ ಎಷ್ಟೇ ಕಡಿದಾಗಿದ್ದರೂ ಲೋಡ್ ಹೊತ್ತ ಗಾಡಿ ಹತ್ತುವಷ್ಟೇ ಏರಿರುತ್ತದೆ, ಹಾಗಾಗಿ ಸಣ್ಣ ಗೇರ್ ಹಾಕಿಕೊಂಡು ನೀವೂ ಹತ್ತಬಹುದು. ಚಕ್ರ ಓಡಿದ ಎರಡು ಗೀರುಗಳಲ್ಲಿ ಒಂದನ್ನು ಹಿಡಿದುಕೊಳ್ಳಿ, ನಡುವಿನ ಹುಲ್ಲಿನ ಮೇಲೆ ಹೋಗಬೇಡಿ, ಅದರೊಳಗೆ ಕಲ್ಲಿರುತ್ತದೆ. ದನದ ದಾರಿ ಗುಡ್ಡದ ಮೈ ಹಿಡಿದು ಅಡ್ಡಡ್ಡ ಹೋಗುತ್ತದೆ, ಸ್ವಲ್ಪ ದೂರಕ್ಕೆ ನಾಲ್ಕೈದಾಗಿ ಒಡೆದು ಹುಲ್ಲಲ್ಲಿ ಮಾಯವಾಗುತ್ತದೆ. ಓಡಿಸಲು ತುಂಬಾ ಮಜಾ, ಆದರೆ ಎಲ್ಲಿಗೂ ತಲುಪಿಸುವುದಿಲ್ಲ. ಕೆಲಸದವರ ಕಾಲುದಾರಿಗೆ ಹತ್ತಿರದ ಹಾದಿಯೇ ಮುಖ್ಯ, ಆದ್ದರಿಂದ ಮಣ್ಣಿನ ಮೆಟ್ಟಿಲು ಕಡಿದು ನೇರ ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿ ಹಳ್ಳ ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಇರುತ್ತದೆ. ಸಂಕದ ಮೇಲೆ ಯಾವತ್ತೂ ಸೈಕಲ್ ಹತ್ತಿ ಹೋಗಬೇಡಿ. ಪಾಚಿ ಕಟ್ಟಿದ ಮರದ ಮೇಲೆ ಟೈರ್ ನಿಲ್ಲುವುದಿಲ್ಲ.

ಕಾಲ ಯಾವುದು? ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ಜಾರುವ ಕೆಂಪು ಮಣ್ಣು. ಆಗ ಓಡಿಸಿದರೆ ನಿಮಗಿಂತ ದಾರಿಗೇ ತೊಂದರೆ ಜಾಸ್ತಿ. ಹಸಿ ಮಣ್ಣಲ್ಲಿ ಬಿದ್ದ ಟೈರಿನ ಗೀರಿನಲ್ಲೇ ನೀರು ಹರಿದು ಚರಂಡಿಯಾಗುತ್ತದೆ, ಆಮೇಲೆ ಆ ದಾರಿಯನ್ನು ಸರಿ ಮಾಡಿಸುವವರು ತೋಟದವರು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ಗಿಡವೆಲ್ಲ ಬೆಳ್ಳಗೆ ಹೂವಾಗುತ್ತದೆ, ಆ ಪರಿಮಳದಲ್ಲಿ ಸೈಕಲ್ ತುಳಿಯುವುದು ಬೇರೆಯೇ ಅನುಭವ. ಆದರೆ ಫೆಬ್ರವರಿಯಿಂದಲೇ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ದಾರಿಗೆ ಅಡ್ಡ ಪೈಪು ಬಿದ್ದಿರುತ್ತದೆ. ಪೈಪಿನ ಜಾಯಿಂಟ್ ಮೇಲೆ ಚಕ್ರ ಹತ್ತಿಸದೆ ಸೈಕಲ್ ಎತ್ತಿ ದಾಟಿಸಿ.

ಇನ್ನು ಅನುಮತಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮ್ಯಾಪಿನಲ್ಲಿ ಗೆರೆ ಕಾಣಿಸಿತು ಅಂದರೆ ಅದು ಸಾರ್ವಜನಿಕ ದಾರಿ ಅಂತ ಅರ್ಥ ಅಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತೋಟದ ಒಳದಾರಿಗಳೂ ಇರುತ್ತವೆ, ಅದನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದು ಒಳ್ಳೆಯದೇ, ಯಾಕೆಂದರೆ ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಆದರೆ ಗೇಟು ಅಥವಾ ಉಣುಗೋಲು (ದಾರಿಗೆ ಅಡ್ಡ ಹಾಕಿದ, ತೆಗೆದು ಹಾಕಬಹುದಾದ ಗಳ) ಕಂಡರೆ ನಿಲ್ಲಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಇರುತ್ತಾರೆ, ಇಲ್ಲದಿದ್ದರೆ ಲೈನ್ ಮನೆಯಲ್ಲಿ ಯಾರಾದರೂ ಇರುತ್ತಾರೆ. "ಅಣ್ಣ, ಈ ದಾರಿಯಲ್ಲಿ ಆ ಕಡೆ ರಸ್ತೆಗೆ ಹೋಗಬಹುದಾ?" ಅಂತ ಕೇಳಿದರೆ ಬಹಳ ಸಲ ಬಿಡುತ್ತಾರೆ, ಬಿಡದಿದ್ದರೆ ಬೇರೆ ದಾರಿಯನ್ನಾದರೂ ಹೇಳುತ್ತಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು. ಕಾಫಿ ಕಳ್ಳತನ ನಿಜವಾದ ಸಮಸ್ಯೆ, ಆ ಕಾಲದಲ್ಲಿ ಗುರುತಿಲ್ಲದವರು ಕಾಫಿ ಒಣಗಿಸುವ ಕಣದ ಹತ್ತಿರ ಸುಳಿದಾಡಿದರೆ ಅನುಮಾನ ಬರುವುದು ಸಹಜ ಅಲ್ವಾ? ಹೋಂಸ್ಟೇಯಲ್ಲಿ ಉಳಿದುಕೊಂಡು, ಆ ಮನೆಯವರಿಂದಲೇ ಅಕ್ಕಪಕ್ಕದ ತೋಟಗಳಿಗೆ ಒಂದು ಮಾತು ಹೇಳಿಸಿಕೊಂಡರೆ ಎಲ್ಲ ಸಲೀಸು. ಉಣುಗೋಲು ತೆಗೆದವರು ಮತ್ತೆ ಹಾಕಿಯೇ ಹೋಗಬೇಕು. ಬಿಟ್ಟು ಹೋದರೆ ದನ ಗದ್ದೆಗೆ ನುಗ್ಗುತ್ತದೆ.

ಮೀಸಲು ಅರಣ್ಯದ ಮಾತು ಬೇರೆ. ಬಿಸಿಲೆ ಕಡೆ ಹೋದರೆ ರಸ್ತೆ ಬಿಟ್ಟು ಕಾಡಿಗೆ ಇಳಿಯಬೇಡಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. ಕುದುರೆಮುಖದ ಹುಲ್ಲುಗಾವಲು ಎಷ್ಟೇ ಕರೆದರೂ ಅಷ್ಟೇ, ಅದು ರಾಷ್ಟ್ರೀಯ ಉದ್ಯಾನ.

ಸೈಕಲ್ ವಿಷಯದಲ್ಲಿ ದುಬಾರಿ ಏನೂ ಬೇಡ. ಮುಂದೆ 100ರಿಂದ 120 ಮಿಲಿಮೀಟರ್ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್), ಸುಮಾರು 2.2 ಇಂಚಿನ ಟೈರ್, ಡಿಸ್ಕ್ ಬ್ರೇಕ್ ಇದ್ದರೆ ಸಾಕು. ಊರಲ್ಲಿ ಓಡಿಸುವಷ್ಟು ಗಾಳಿ ಇಲ್ಲಿ ಬೇಡ. ಎಪ್ಪತ್ತು ಕಿಲೋ ಆಸುಪಾಸಿನವರು ಟ್ಯೂಬ್ ಇದ್ದರೆ 30 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ 25ರ ಹತ್ತಿರ ಇಟ್ಟು ನೋಡಿ, ಹಿಂದಿನ ಚಕ್ರಕ್ಕೆ ಒಂದೆರಡು ಜಾಸ್ತಿ. ಮುಟ್ಟಿದರೆ ಮುನಿ, ಬಿದಿರು ಮುಳ್ಳು ಎಲ್ಲ ಕಡೆ ಇದೆ, ಆದ್ದರಿಂದ ತೂತನ್ನು ಒಳಗಿಂದಲೇ ಮುಚ್ಚುವ ಸೀಲಂಟ್ ದ್ರವ ಹಾಕಿದ ಟ್ಯೂಬ್‌ಲೆಸ್ಸೇ ವಾಸಿ. ಆದರೂ ಒಂದು ಟ್ಯೂಬು, ಪಂಪು, ಚೈನ್ ಕೊಂಡಿ ಚೀಲದಲ್ಲಿರಲಿ. ಬ್ರೇಕ್ ಪ್ಯಾಡ್ ಹೊರಡುವ ಮೊದಲೇ ನೋಡಿಕೊಳ್ಳಿ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್, ಕಾರಿನ ಹಿಂದೆ ಕಟ್ಟಿಕೊಂಡು ಬರುವುದು ಸುಲಭ. ರೈಲಾದರೆ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ ಬುಕ್ ಮಾಡಿಸಬೇಕು, ಅದಕ್ಕೆ ಬೇಗ ಹೋಗಿ.

ದಿನಕ್ಕೆ 25 ಕಿಲೋಮೀಟರ್ ಲೆಕ್ಕ ಹಾಕಿಕೊಳ್ಳಿ. ಟಾರ್ ರಸ್ತೆಯಲ್ಲಿ ಅದು ಏನೇನೂ ಅಲ್ಲ, ತೋಟದ ದಾರಿಯಲ್ಲಿ ಗಂಟೆಗೆ ಎಂಟು ಹತ್ತು ಕಿಲೋಮೀಟರ್ ದಾಟುವುದೇ ಹೆಚ್ಚು.

ಏರು ಬರುವ ಮೊದಲೇ ಗೇರ್ ಇಳಿಸಿ, ಏರಿನ ಮಧ್ಯೆ ಒತ್ತಡದಲ್ಲಿ ಬದಲಿಸಿದರೆ ಚೈನ್ ಹರಿಯಬಹುದು. ಹತ್ತುವಾಗ ಸೀಟಿನ ತುದಿಗೆ ಬಂದು ಎದೆ ಬಗ್ಗಿಸಿ ಕೂತುಕೊಳ್ಳಿ, ಮುಂದಿನ ಚಕ್ರ ಮೇಲೇಳುವುದಿಲ್ಲ. ಇಳಿಯುವಾಗ ಸೀಟು ಎರಡು ಮೂರು ಇಂಚು ತಗ್ಗಿಸಿ, ಪೆಡಲ್ ಎರಡೂ ಸಮ ಮಟ್ಟದಲ್ಲಿಟ್ಟು ನಿಂತುಕೊಳ್ಳಿ, ಮೊಣಕೈ ಸಡಿಲ ಬಿಡಿ, ಕಣ್ಣು ಚಕ್ರದ ಮೇಲಲ್ಲ, ಹತ್ತು ಹದಿನೈದು ಅಡಿ ಮುಂದೆ ಇರಲಿ. ಬ್ರೇಕ್ ಒಂದೇ ಸಮನೆ ಹಿಡಿದುಕೊಂಡರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ನೇರ ಇರುವಲ್ಲಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಿ. ಸಿಲ್ವರ್ ಓಕ್ ಎಲೆ ಉದುರಿದ ಕಡೆ ವಿಶೇಷ ಎಚ್ಚರ ಬೇಕು. ಎಲೆ ಒಣಗಿದ್ದರೂ ಜಾರುತ್ತದೆ, ಕೆಳಗಿನ ಬೇರು, ಗುಂಡಿ ಏನೂ ಕಾಣುವುದಿಲ್ಲ. ಗಿಡದ ಸಾಲುಗಳ ನಡುವೆಯಂತೂ ನುಗ್ಗಲೇಬೇಡಿ, ಅಲ್ಲಿ ನೀರು ಇಂಗಲಿ ಅಂತ ತೋಡಿದ ತೊಟ್ಟಿಲು ಗುಂಡಿಗಳಿರುತ್ತವೆ. ಗಿಡ ಮುರಿಯುತ್ತದೆ, ನಿಮ್ಮ ಭುಜವೂ ಮುರಿಯಬಹುದು.

ಈಗ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಈ ನಾಲ್ಕೂ ತಾಲೂಕಿನ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಕಾಡಿನಿಂದ ಬಂದು ಹೋಗುವುದಷ್ಟೇ ಅಲ್ಲ, ಹಗಲೆಲ್ಲ ತೋಟದಲ್ಲೇ ನಿಂತಿರುತ್ತವೆ. ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತಿದ್ದು ಇದೇ ಸಕಲೇಶಪುರ ತಾಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅಂಥ ಪಳಗಿದ ಆನೆಗೇ ಹಾಗಾದ ಮೇಲೆ ಸೈಕಲ್ ಮೇಲಿರುವವರು ಎಷ್ಟರವರು? ಜೀಪಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ, ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ಎದುರಿಗೇ ಹೋಗಿ ನಿಲ್ಲುತ್ತದೆ, ಅಪಾಯ ಇರುವುದು ಅಲ್ಲೇ. ಆದ್ದರಿಂದ ಹೊರಡುವ ಬೆಳಿಗ್ಗೆ ಊರಿನವರನ್ನು ಕೇಳಿ. ಆನೆಗಳ ಗುಂಪು ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ, ತೋಟದವರ ಫೋನಿನಲ್ಲಿ ಅದು ಇರುತ್ತದೆ. ಎಂಟು ಗಂಟೆಗೆ ಮುಂಚೆ ಹೊರಡಬೇಡಿ, ನಾಲ್ಕಕ್ಕೆ ಮನೆ ಸೇರಿ. ಒಬ್ಬರೇ ಹೋಗಬೇಡಿ, ಕುರುಡು ತಿರುವಿನಲ್ಲಿ ಗಂಟೆ ಬಾರಿಸಿ, ಜೋರಾಗಿ ಮಾತಾಡಿ. ಲದ್ದಿ ಇನ್ನೂ ಹಸಿಯಾಗಿದ್ದರೆ, ಕಾಫಿ ಗಿಡ ಆಗಷ್ಟೇ ಮುರಿದಂತಿದ್ದರೆ, ಬಂದ ದಾರಿಯಲ್ಲೇ ತಿರುಗಿ. ಫೋಟೋಗೆ ನಿಲ್ಲಬೇಡಿ. ಹಲಸು ಹಣ್ಣಾಗುವ ಕಾಲ, ಭತ್ತ ತೆನೆಯಾಗುವ ಕಾಲ ಎರಡರಲ್ಲೂ ಆನೆಗಳು ಊರಿನ ಹತ್ತಿರವೇ ಇರುತ್ತವೆ.

ಐಬೆಕ್ಸ್ ಬೇಲಿ ಅಂತ ಕರೆಯುವ ಸೋಲಾರ್ ತಂತಿಯ ಮೇಲೆ ಸೈಕಲ್ ಎತ್ತಿ ದಾಟಿಸಲು ಹೋಗಬೇಡಿ, ಲೋಹ ತಗುಲಿದರೆ ಬಲವಾದ ಶಾಕ್ ಹೊಡೆಯುತ್ತದೆ.

ಊರೊಳಗೆ ನಿಧಾನ. ರಸ್ತೆ ಮೇಲೇ ಭತ್ತ, ಮೆಣಸು ಒಣಗಿಸಿರುತ್ತಾರೆ, ಇಳಿದು ಬದಿಯಲ್ಲಿ ತಳ್ಳಿಕೊಂಡು ಹೋಗಿ. ನಾಯಿ ಅಟ್ಟಿಸಿದರೆ ಓಡಬೇಡಿ. ಸೈಕಲ್‌ನಿಂದ ಇಳಿದು, ನಾಯಿ ಮತ್ತು ನಿಮ್ಮ ನಡುವೆ ಅದನ್ನು ಹಿಡಿದು ನಡೆಯಿರಿ, ಸಾಮಾನ್ಯವಾಗಿ ಸುಮ್ನಾಗುತ್ತವೆ. ಸಣ್ಣ ಹೋಟೆಲ್ ಸಿಕ್ಕಿದಲ್ಲೇ ತಿಂದುಬಿಡಿ, ಕಡುಬು, ಅಕ್ಕಿರೊಟ್ಟಿ ಇದ್ದರಂತೂ ಬಿಡಲೇಬೇಡಿ. ಮುಂದಿನ ಊರಲ್ಲಿ ಮಧ್ಯಾಹ್ನ ಏನೂ ಸಿಗದೆ ಇರಬಹುದು.

ವಾಪಸ್ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮೊಣಕಾಲಿನ ಹಿಂದೆ, ಸೊಂಟದ ಸುತ್ತ ಉಣ್ಣೆ ಹುಳ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ. ಇಲ್ಲಿಂದ ಉತ್ತರಕ್ಕೆ ಕೊಪ್ಪ, ತೀರ್ಥಹಳ್ಳಿ ಕಡೆ ಓಡಿಸುವವರಿಗೆ ಇದು ಇನ್ನೂ ಮುಖ್ಯ, ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಕಾಡಿನಂಚಿನಲ್ಲಿ ಓಡಾಡಿ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ. ಸೈಕಲ್‌ನ ಕೆಂಪು ಮಣ್ಣು ಒಣಗುವ ಮೊದಲೇ ಬಕೆಟ್ ನೀರಲ್ಲಿ ತೊಳೆಯಿರಿ. ಬೈಕ್ ತೊಳೆಯುವ ಪ್ರೆಷರ್ ಪೈಪು ಬೇಡ, ಬೇರಿಂಗ್ ಒಳಗೆ ನೀರು ನುಗ್ಗುತ್ತದೆ. ಚೈನ್ ಒರೆಸಿ ಎಣ್ಣೆ ಬಿಟ್ಟು, ಮಾರನೇ ದಿನ ಹೊರಡುವ ಮೊದಲು ಹೆಚ್ಚಾದ ಎಣ್ಣೆಯನ್ನು ಬಟ್ಟೆಯಲ್ಲಿ ತೆಗೆಯಿರಿ.