ಎರಡು ಗಂಟೆಯಲ್ಲಿ ಕೆಲಸ ಮುಗಿಯುವ ಆಪ್ ಮಾರುವುದು

ನನ್ನ ಆಪ್ ಮಾಡುವುದು ಒಂದೇ ಕೆಲಸ. ಕನ್ನಡದಲ್ಲಿ ಆಮಂತ್ರಣ ಪತ್ರಿಕೆ ಮಾಡಿಕೊಡುತ್ತದೆ. ಮದುವೆ, ಗೃಹಪ್ರವೇಶ, ನಾಮಕರಣ, ಸೀಮಂತ ಏನೇ ಇರಲಿ, ಹೆಸರು, ಮುಹೂರ್ತ, ಛತ್ರದ ವಿಳಾಸ ತುಂಬಿ ಡಿಸೈನ್ ಆರಿಸಿಕೊಂಡರೆ ವಾಟ್ಸಾಪ್‌ಗೆ ಹಾಕುವಂಥ ಚಿತ್ರ ಮತ್ತು ಪ್ರಿಂಟಿಗೆ ಕೊಡುವ ಪಿಡಿಎಫ್ ಸಿಗುತ್ತದೆ. ಕೂತು ಮಾಡಿದರೆ ಅರ್ಧ ಗಂಟೆ. 'ಅಯ್ಯೋ, ಸೋದರಮಾವನ ಹೆಸರೇ ಬಿಟ್ಟುಹೋಯ್ತಲ್ಲ' ಅಂತ ಮನೆಯವರೆಲ್ಲ ಸೇರಿ ತಿದ್ದುವುದೂ ಸೇರಿದರೆ ಒಂದು ಗಂಟೆ.

ರೀಫಂಡ್ ನಿಯಮ ನನ್ನಂಥವರಿಗೆ ತಾಗುವುದು ಇಲ್ಲೇ. ಗೂಗಲ್ ಪ್ಲೇನಲ್ಲಿ ಹಣ ಕೊಟ್ಟು ಕೊಂಡ ಆಪನ್ನು ವಾಪಸ್ ಮಾಡಲು ಮೊದಲು 24 ಗಂಟೆ ಸಮಯ ಇತ್ತು. 2010ರ ಡಿಸೆಂಬರ್‌ನಲ್ಲಿ ಅದನ್ನು 15 ನಿಮಿಷಕ್ಕೆ ಇಳಿಸಿದರು. 2014ರಲ್ಲಿ ಎರಡು ಗಂಟೆ ಮಾಡಿದರು. ಅದರ ಮೇಲೆ, 48 ಗಂಟೆಯೊಳಗೆ ಗೂಗಲ್‌ಗೇ ಮನವಿ ಹಾಕುವ ದಾರಿಯೂ ಇದೆ. ದಿನಾ ಬಳಸುವ ಆಪ್‌ಗೆ ಎರಡು ಗಂಟೆ ಅಂದರೆ ರುಚಿ ನೋಡುವ ಸಮಯ. ನನ್ನ ಆಪ್‌ಗೆ ಅದು ಪೂರ್ತಿ ಊಟ ಮುಗಿಸಿ ಕೈ ತೊಳೆಯುವಷ್ಟು ಸಮಯ.

ಶುರುವಿನಲ್ಲಿ ಆಪನ್ನೇ 99 ರೂಪಾಯಿಗೆ ಮಾರುತ್ತಿದ್ದೆ. ಮಾಘ, ಫಾಲ್ಗುಣ, ವೈಶಾಖ ಬಂತೆಂದರೆ ಮಾರಾಟವೂ ಏರುತ್ತಿತ್ತು, ವಾಪಸಾತಿಯೂ ಏರುತ್ತಿತ್ತು. ಪತ್ರಿಕೆ ಸೇವ್ ಆದ ಸಮಯವನ್ನೂ ರೀಫಂಡ್ ಆದ ಸಮಯವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಥೆ ತಾನಾಗಿಯೇ ಗೊತ್ತಾಗುತ್ತಿತ್ತು. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ನಿಯಮ ಕೊಟ್ಟ ಅವಕಾಶ, ಬಳಸಿಕೊಂಡರು, ಅಷ್ಟೆ. ಒಂದೇ ಆಪನ್ನು ಹೀಗೆ ವಾಪಸ್ ಮಾಡಲು ಆಗುವುದು ಒಂದೇ ಸಲ, ಎರಡನೇ ಸಲ ಕೊಂಡರೆ ರೀಫಂಡ್ ಇಲ್ಲ. ಆದರೆ ಒಂದು ಮನೆಯಲ್ಲಿ ವರ್ಷಕ್ಕೆ ಎಷ್ಟು ಮದುವೆ ಆಗುತ್ತದೆ, ಹೇಳಿ?

ಇದು ನನ್ನೊಬ್ಬನ ಪಾಡಲ್ಲ. 2021ರಲ್ಲಿ ಎಮಿಕಾ ಗೇಮ್ಸ್ ಎಂಬ ಹೆಸರಿನಲ್ಲಿ ಗೇಮ್ ಮಾಡುತ್ತಿದ್ದವರು, ತಮ್ಮ ಹಾರರ್ ಗೇಮ್‌ಗೆ ಬಂದ ರೀಫಂಡ್‌ಗಳಿಂದ ಬೇಸತ್ತು ಗೇಮ್ ಮಾಡುವುದನ್ನೇ ಬಿಡುತ್ತೇನೆ ಎಂದು ಘೋಷಿಸಿದ್ದರು. ಅದು ಮೊಬೈಲ್ ಅಲ್ಲ, ಸ್ಟೀಮ್‌ನಲ್ಲಿ ಮಾರುವ ಕಂಪ್ಯೂಟರ್ ಗೇಮ್. ಅಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನದೊಳಗೆ ವಾಪಸ್ ಕೊಡಬಹುದು. ಅವರ ಗೇಮ್ ಅಷ್ಟರೊಳಗೇ ಮುಗಿದುಹೋಗುತ್ತಿತ್ತು. ಆಡಿದವರು ಚೆನ್ನಾಗಿದೆ ಅಂತ ಬರೆದು, ಆಮೇಲೆ ಹಣ ವಾಪಸ್ ತೆಗೆದುಕೊಂಡಿದ್ದರು.

ಹಾಗಂತ ಸಮಯ ಕಡಿಮೆ ಮಾಡಿ ಅಂತ ನಾನು ಕೇಳುವುದಿಲ್ಲ. 15 ನಿಮಿಷದ ಕಾಲದಲ್ಲಿ ದೊಡ್ಡ ಗೇಮ್ ಡೌನ್‌ಲೋಡ್ ಆಗುವಷ್ಟರಲ್ಲೇ ಸಮಯ ಮುಗಿಯುತ್ತಿತ್ತು. 2011ರಲ್ಲಿ ತೈಪೆ ನಗರಾಡಳಿತ ಏಳು ದಿನ ಕೊಡಲೇಬೇಕು ಅಂತ ಹಠ ಹಿಡಿಯಿತು. ಆಪಲ್ ಒಪ್ಪಿಕೊಂಡಿತು, ಗೂಗಲ್ ತೈವಾನ್‌ನಲ್ಲಿ ಪೇಯ್ಡ್ ಆಪ್ ಮಾರಾಟವನ್ನೇ ನಿಲ್ಲಿಸಿತು. ಅಲ್ಲಿನ ಡೆವಲಪರ್‌ಗೆ ಏಳು ದಿನಕ್ಕಿಂತ ಅದು ದೊಡ್ಡ ಪೆಟ್ಟು ಅಲ್ವಾ? ನನ್ನ ಗಿರಾಕಿಗಳಲ್ಲಿ ಆಪ್‌ಗೆ ದುಡ್ಡು ಕೊಡುವುದು ಇದೇ ಮೊದಲು ಅನ್ನುವವರು ಜಾಸ್ತಿ. ವಾಪಸ್ ಸಿಗುತ್ತದೆ ಅನ್ನುವ ಧೈರ್ಯ ಇರುವುದಕ್ಕೇ ಅವರು ಬಟನ್ ಒತ್ತುತ್ತಾರೆ.

ಹಾಗಾಗಿ ಬದಲಿಸಿದ್ದು ಆಪ್ ಮಾರುವ ರೀತಿಯನ್ನು. ಆಪನ್ನು ಉಚಿತ ಮಾಡಿ, ಪತ್ರಿಕೆಗೆ ಇಷ್ಟು ಅಂತ ಆಪ್ ಒಳಗೇ ದರ ಇಟ್ಟೆ. ಪ್ಲೇ ಸ್ಟೋರ್‌ನಲ್ಲಿ ಒಮ್ಮೆ ಉಚಿತ ಅಂದ ಆಪನ್ನು ಮತ್ತೆ ಪೇಯ್ಡ್ ಮಾಡಲು ಬರುವುದಿಲ್ಲ, ಅದು ಒನ್‌ವೇ. ಮೊದಲೇ ದುಡ್ಡು ಕೊಟ್ಟಿದ್ದವರಿಗೆ ಎಲ್ಲವನ್ನೂ ಹಾಗೇ ಬಿಟ್ಟುಕೊಟ್ಟೆ.

ಈಗ ಪತ್ರಿಕೆ ಪೂರ್ತಿ ತಯಾರಾಗುವವರೆಗೆ ಒಂದು ಪೈಸೆ ಕೊಡಬೇಕಿಲ್ಲ. ಮೇಲೆ ವಾಟರ್‌ಮಾರ್ಕ್ (ಮಸುಕಾದ ಗುರುತು) ಇರುತ್ತದೆ ಅಷ್ಟೆ. ಹೀಗೆ ಮೊದಲೇ ಪೂರ್ತಿ ನೋಡಲು ಬಿಡುವುದಕ್ಕೂ ಕಾರಣ ಇದೆ. ರೀಫಂಡ್ ತಗೊಂಡವರಲ್ಲಿ ಪತ್ರಿಕೆಯನ್ನು ಸೇವ್ ಮಾಡದೇ ಹೋದವರೂ ಇದ್ದರು. ಕೆಲವರಿಗೆ ಮೇಲ್ ಹಾಕಿ ಕೇಳಿದೆ. ಬಳ್ಳಾರಿ ಕಡೆಯವರಿಗೆ ಕನ್ನಡದ ಪಕ್ಕ ತೆಲುಗು ಬೇಕಿತ್ತು, ಬೆಳಗಾವಿ ಕಡೆಯವರಿಗೆ ಮರಾಠಿ. ದುಡ್ಡು ಕೊಟ್ಟ ಮೇಲೆ ಅದು ಇಲ್ಲ ಅಂತ ಗೊತ್ತಾಗಿದ್ದು. ಎರಡು ಭಾಷೆಯ ಪತ್ರಿಕೆ ಅನ್ನುವ ಸೌಲಭ್ಯ ಆ ಮೇಲ್‌ಗಳಿಂದಲೇ ಬಂತು. ರಿವ್ಯೂನಲ್ಲಿ ಯಾರೂ ಇದನ್ನು ಬರೆದಿರಲಿಲ್ಲ.

ಎರಡನೆಯದು, ಪತ್ರಿಕೆ ಕಳಿಸಿದ ಮೇಲೂ ಉಪಯೋಗಕ್ಕೆ ಬರುವಂಥದ್ದೇನಾದರೂ ಕೊಡಬೇಕಿತ್ತು. ಚಿತ್ರದ ಜೊತೆ ಒಂದು ಲಿಂಕ್ ಕೊಟ್ಟೆ. ಅದರಲ್ಲಿ ಛತ್ರದ ಮ್ಯಾಪ್, ಊಟದ ಸಮಯ, ಬಸ್ ಎಲ್ಲಿಂದ ಹೊರಡುತ್ತದೆ ಅನ್ನುವುದೆಲ್ಲ ಇರುತ್ತದೆ. ಮದುವೆ ದಿನದವರೆಗೂ ತಿದ್ದಬಹುದು. ರೀಫಂಡ್ ಕಡಿಮೆಯಾಗಲು ನೆರವಾಗಿದ್ದು ಇದೇ ಅಂತ ನನ್ನ ಲೆಕ್ಕ. ಉಪಯೋಗ ಇನ್ನೂ ಬಾಕಿ ಇರುವ ವಸ್ತುವನ್ನು ಜನ ಸುಮ್ನೆ ವಾಪಸ್ ಕೊಡುವುದಿಲ್ಲ.

ಇನ್ನು ಕೋಡ್ ಕಡೆಯ ಎರಡು ಮಾತು. ಪ್ಲೇನಲ್ಲಿ ಖರೀದಿ ಆದ ಮೇಲೆ ಮೂರು ದಿನದೊಳಗೆ ನಮ್ಮ ಕಡೆಯಿಂದ 'ಅಕ್ನಾಲೆಡ್ಜ್' (ಖರೀದಿ ತಲುಪಿದೆ ಅನ್ನುವ ಖಾತ್ರಿ) ಆಗದಿದ್ದರೆ ಗಿರಾಕಿಗೆ ತಾನಾಗಿಯೇ ಹಣ ವಾಪಸ್ ಹೋಗುತ್ತದೆ. ಗಿರಾಕಿ ಕೇಳಿಯೇ ಇರುವುದಿಲ್ಲ! ಕೊಂಡ ಕೂಡಲೇ ನೆಟ್‌ವರ್ಕ್ ಹೋಗಿ, ಆಪ್ ಮತ್ತೆ ತೆರೆಯದೇ ಇದ್ದರೆ ಹೀಗಾಗುತ್ತದೆ. ಹಾಗಾಗಿ ಆ ಕೆಲಸವನ್ನು ಫೋನ್‌ಗೆ ಬಿಡದೆ ನನ್ನ ಸರ್ವರ್‌ನಿಂದಲೇ ಮಾಡಿಸುತ್ತೇನೆ. ಇನ್ನೊಂದು, ರದ್ದಾದ ಆರ್ಡರ್‌ಗಳ ಪಟ್ಟಿ ಕೊಡುವ ವಾಯ್ಡೆಡ್ ಪರ್ಚೇಸಸ್ ಎಪಿಐ (ನನ್ನ ಸರ್ವರ್ ಗೂಗಲ್‌ನಿಂದ ಮಾಹಿತಿ ಪಡೆಯುವ ದಾರಿ). ರದ್ದು ಮಾಡಿದ್ದು ಗಿರಾಕಿಯೋ, ನಾನೋ, ಗೂಗಲ್ಲೋ ಅನ್ನುವುದು ಅದರಲ್ಲಿ ಇರುತ್ತದೆ. ಮನಸ್ಸು ಬದಲಾಯಿತು, ಗೊತ್ತಿಲ್ಲದೆ ಕೊಂಡದ್ದು, ವಂಚನೆ, ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ಹಣ ವಾಪಸ್ ಪಡೆಯುವುದು) ಅನ್ನುವಂಥ ಕಾರಣಗಳೂ ಇರುತ್ತವೆ. ಸರ್ವರ್ ಪ್ರತಿ ರಾತ್ರಿ ಅದನ್ನು ಓದುತ್ತದೆ.

ಓದಿ ಏನು ಮಾಡಬೇಕು ಅನ್ನುವುದು ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಹಣ ವಾಪಸ್ ಹೋದ ಕೂಡಲೇ ಲಿಂಕ್ ಮುಚ್ಚುವುದು ಸುಲಭ. ಆದರೆ ಅದನ್ನು ತೆರೆಯುವವರು ನೆಂಟರು. ದಾವಣಗೆರೆಯಿಂದ ಹೊರಟವರಿಗೆ ದಾರಿಯಲ್ಲಿ 'ಈ ಪುಟ ಲಭ್ಯವಿಲ್ಲ' ಅಂತ ಬಂದರೆ ಹೇಗಿರುತ್ತದೆ? ಮದುವೆ ಮನೆಯ ಮರ್ಯಾದೆ ಕಳೆಯುವುದು ಬೇಡ ಅಂತ ಪುಟ ಹಾಗೇ ಇಟ್ಟೆ. ತಿದ್ದುವ ಅವಕಾಶವನ್ನು ಮಾತ್ರ ತೆಗೆಯುತ್ತೇನೆ.

48 ಗಂಟೆ ದಾಟಿದ ಮೇಲೆ ಕೇಳುವವರನ್ನು ಗೂಗಲ್ ಡೆವಲಪರ್ ಹತ್ತಿರವೇ ಹೋಗಲು ಹೇಳುತ್ತದೆ. ಆಗ ಡೆವಲಪರ್‌ಗಳಿಗೆಂದು ಗೂಗಲ್ ಇಟ್ಟಿರುವ ಪ್ಲೇ ಕನ್ಸೋಲ್ ಪುಟದಿಂದ ನಾನೇ ಕೊಡಬಹುದು, ಪೂರ್ತಿಯಾಗಿ ಅಥವಾ ಸ್ವಲ್ಪ ಭಾಗ. ಇಲ್ಲೊಂದು ಸಣ್ಣ ತಾಪತ್ರಯ ಇದೆ. ನನಗೆ ಬೇಕಿರುವುದು 'ಜಿಪಿಎ' ಅಂತ ಶುರುವಾಗುವ ಆರ್ಡರ್ ನಂಬರ್. ಜನ ಕಳಿಸುವುದು ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರಿನ ಸ್ಕ್ರೀನ್‌ಶಾಟ್. ಅದನ್ನು ಇಟ್ಟುಕೊಂಡು ಕನ್ಸೋಲ್‌ನಲ್ಲಿ ಏನೂ ಹುಡುಕಲಾಗದು. 'ಖರೀದಿಯಾದ ದಿನ ಗೂಗಲ್‌ನಿಂದ ಬಂದ ರಸೀದಿ ಮೇಲ್ ನೋಡಿ' ಅಂತ ಕೆಂಪು ಗೆರೆ ಎಳೆದ ಚಿತ್ರವೊಂದನ್ನು ಮಾಡಿಟ್ಟುಕೊಂಡಿದ್ದೇನೆ, ಅದನ್ನೇ ಕಳಿಸುತ್ತೇನೆ. ಮದುವೆ ಮುಂದಕ್ಕೆ ಹೋಯಿತು, ನಿಂತುಹೋಯಿತು ಅಂತ ಬರೆದವರಿಗೆ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಹಣದ ಲೆಕ್ಕಕ್ಕೆ ಬಂದರೆ, ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಪ್ಲೇ ಕಮಿಷನ್ 15%. ನಮಗೆಲ್ಲ ಅಷ್ಟೇ ಅನ್ವಯ, ಆ ಗೆರೆ ದಾಟುವ ಭಯ ಇಲ್ಲ. ರೀಫಂಡ್ ಆದರೆ ಆ ಕಮಿಷನ್ ನಮ್ಮ ಲೆಕ್ಕಕ್ಕೆ ವಾಪಸ್ ಬರುತ್ತದೆ, ತಿಂಗಳ ವರದಿಯಲ್ಲಿ ಅದಕ್ಕೇ ಬೇರೆ ಸಾಲು ಇರುತ್ತದೆ. ಬಾರದೇ ಹೋಗುವುದು ಜಾಹೀರಾತಿಗೆ ಸುರಿದ ಹಣ. ಅದಕ್ಕೇ ಮದುವೆ ಸೀಸನ್‌ನಲ್ಲಿ ಇನ್‌ಸ್ಟಾಲ್ ಜಾಹೀರಾತು ನಿಲ್ಲಿಸಿದ್ದೇನೆ. ಪತ್ರಿಕೆಯ ಕೆಳಗಿರುವ ಆಪ್ ಹೆಸರು ನೋಡಿ ಬರುವವರೇ ಸಾಕು.

ಐಫೋನ್ ಕಡೆ ವ್ಯವಸ್ಥೆ ಬೇರೆ. ಅಲ್ಲಿ ರೀಫಂಡ್ ಕೊಡುವುದು ಆಪಲ್ ಮಾತ್ರ, ಡೆವಲಪರ್ ಕೈಯಲ್ಲಿ ಏನೂ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು 'ನೀವೇ ಹಾಕಿಬಿಡಿ' ಅಂತ ಬರೆದರೆ ಆಪಲ್‌ನ ಪುಟದ ವಿಳಾಸ ಕೊಡುವುದಷ್ಟೇ ನನ್ನ ಕೆಲಸ. ಜರ್ಮನಿಯಂಥ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಇರುವವರಿಗೆ 14 ದಿನದ ಹಿಂಪಡೆಯುವ ಹಕ್ಕಿನ ಕಾನೂನೂ ಇದೆ. ಒಂದು ಬಾರಿ ಬಳಸಿ ಮುಗಿಯುವ ಖರೀದಿಗೆ ಯಾರಾದರೂ ರೀಫಂಡ್ ಕೇಳಿದರೆ, ವಸ್ತು ಬಳಕೆಯಾಗಿದೆಯಾ ಅಂತ ಆಪಲ್ ನಮ್ಮ ಸರ್ವರ್‌ಗೆ ಸೂಚನೆ ಕಳಿಸುತ್ತದೆ. ಗಿರಾಕಿಯ ಒಪ್ಪಿಗೆ ಇದ್ದರೆ 12 ಗಂಟೆಯೊಳಗೆ ಉತ್ತರ ಕೊಡಬಹುದು. ತೀರ್ಮಾನ ಆಪಲ್‌ನದೇ. ಆ ಒಪ್ಪಿಗೆ ಕೇಳುವ ಪರದೆಯನ್ನು ಇನ್ನೂ ಹಾಕಿಲ್ಲ. ಆಷಾಢದಲ್ಲಿ ಆರ್ಡರ್ ಕಡಿಮೆ, ಆಗ ಕೂತು ಮಾಡಬೇಕು.