ನಿನ್ನೆ ಸಿಕ್ಕ ಕಾಳು ಗುಬ್ಬಿಗೆ ನೆನಪಿರುತ್ತದೆಯೇ? ಬಾಲ್ಕನಿಯಲ್ಲೇ ಪರೀಕ್ಷಿಸಿ

ಎರಡು ತಟ್ಟೆ ಇಟ್ಟು, ಬಲಗಡೆಯದರಲ್ಲಿ ನಾಲ್ಕು ದಿನ ಹೆಚ್ಚು ಕಾಳು ಹಾಕಿ. ಐದನೇ ದಿನ ಎರಡಕ್ಕೂ ಸಮನಾಗಿ ಹಾಕಿದರೆ ಗುಬ್ಬಚ್ಚಿ ಮೊದಲು ಎಲ್ಲಿಗೆ ಇಳಿಯುತ್ತದೆ? ಮುಂಬೈನ ಮಾಟುಂಗಾ, ಮುಲುಂಡ್ ಕಡೆಯ ಫ್ಲಾಟುಗಳಲ್ಲಿ ಗುಬ್ಬಿ ಬಂದುಹೋಗುವ ಬಾಲ್ಕನಿ ಇದ್ದವರು ಇದನ್ನು ಮನೆಯಲ್ಲೇ ನೋಡಬಹುದು.

ಬೇಕಾದ್ದು: ಒಂದೇ ಬಣ್ಣ, ಒಂದೇ ಅಳತೆಯ ಎರಡು ಟ್ರೇ, ಚಹಾ ಜರಡಿಯಲ್ಲಿ ಇಳಿಯುವಷ್ಟು ನುಣ್ಣನೆಯ ಒಣ ಮರಳು, ಸಜ್ಜೆ, 0.1 ಗ್ರಾಂ ತೋರಿಸುವ ತಕ್ಕಡಿ, 4 ಸೆಂ.ಮೀ. ಕಣ್ಣಿನ ತಂತಿಬಲೆ. ಬಲೆಯನ್ನು ಟ್ರೇ ಮೇಲೆ ಗೂಡಿನಂತೆ ಮುಚ್ಚಿ. ಗುಬ್ಬಿ ನುಸುಳುತ್ತದೆ, ಪಾರಿವಾಳಕ್ಕೆ ಆಗದು. ಬಲೆ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮುಂಬೈ ಪಾಲಿಕೆ 2025ರಲ್ಲಿ ಜನ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ದಾದರ್‌ನ ಕಬೂತರ್‌ಖಾನಾವನ್ನೇ ಮುಚ್ಚಿಸಿದೆ, ಸೊಸೈಟಿಯವರೂ ಸುಮ್ಮನಿರುವುದಿಲ್ಲ.

1. ಒಂದೊಂದು ಟ್ರೇಗೂ 500 ಗ್ರಾಂ ಮರಳು ಹಾಕಿ, ಒಂದು ಮೀಟರ್ ಅಂತರದಲ್ಲಿಡಿ. ಮೊದಲ ಮೂರು ದಿನ ಎರಡರಲ್ಲೂ 5 ಗ್ರಾಂ ಸಜ್ಜೆ ಬೆರೆಸಿ. ಹೂಕುಂಡದ ಮರೆಗೆ ಹತ್ತಿರವಿರುವ ಟ್ರೇಗೇ ಗುಬ್ಬಿ ಹೋಗುತ್ತಿದ್ದರೆ ಕುಂಡ ಸರಿಸಿ. ಅದು ಭಯದ ಲೆಕ್ಕ, ನೆನಪಿನದಲ್ಲ.

2. ಮುಂದಿನ ನಾಲ್ಕು ದಿನ ಬಲಕ್ಕೆ 10 ಗ್ರಾಂ, ಎಡಕ್ಕೆ 2 ಗ್ರಾಂ. ಬೆಳಗ್ಗೆ ಎರಡು ಗಂಟೆ ಇಟ್ಟು ತೆಗೆಯಿರಿ. ಮರಳು ಜರಡಿ ಹಿಡಿದು ಉಳಿದ ಕಾಳು ತೂಗಿ. ಇನ್ನು ಕೆದಕಿ ಪ್ರಯೋಜನವಿಲ್ಲ ಎಂದು ಹಕ್ಕಿ ಎಲ್ಲಿ ಕೈಬಿಟ್ಟಿತು ಎಂಬುದನ್ನು ಆ ಉಳಿಕೆಯೇ ಹೇಳುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ಜೋಯೆಲ್ ಬ್ರೌನ್ 1988ರಲ್ಲಿ ವಿವರಿಸಿದ ಅಳತೆ ಇದು. ಎರಡೂ ಟ್ರೇ ಖಾಲಿಯಾದರೆ ಏನೂ ತಿಳಿಯದು. ಸಮಯ ಒಂದು ಗಂಟೆಗೆ ಇಳಿಸಿ.

3. ಆ ನಾಲ್ಕು ದಿನ ಮುಗಿದ ಮರುದಿನದಿಂದ ಎರಡಕ್ಕೂ 5 ಗ್ರಾಂ. ಮೊದಲ ಇಳಿತ ಎಲ್ಲಿ, ಮೊದಲ ಹತ್ತು ನಿಮಿಷದಲ್ಲಿ ಯಾವ ಕಡೆ ಎಷ್ಟು ಸಲ, ಉಳಿಕೆ ಎಷ್ಟು ಎಂದು ಬರೆದಿಡಿ. ಬಲಗಡೆಯ ಒಲವು ಎಷ್ಟು ದಿನದಲ್ಲಿ ಕರಗುತ್ತದೆ ಎಂಬುದೇ ಉತ್ತರ. ಆಮೇಲೆ ಎಡವನ್ನು ಸಮೃದ್ಧ ಮಾಡಿ ಇಡೀ ಸರಣಿ ಮತ್ತೆ ನಡೆಸಿ.

4. ಇನ್ನೊಂದು ಸುತ್ತಿನಲ್ಲಿ ದಿನವೂ ನಾಣ್ಯ ಚಿಮ್ಮಿ 10 ಗ್ರಾಂ ಯಾವ ಕಡೆಗೆಂದು ನಿರ್ಧರಿಸಿ. ಈಗ ನಿನ್ನೆಯ ಅನುಭವದಿಂದ ಇಂದಿನ ಸುಳಿವು ಸಿಗದು. ಹೀಗಿರುವಾಗ ಎರಡೂ ಕಡೆ ಇಣುಕಿ ನೋಡುವ ಹಕ್ಕಿಗೇ ಲಾಭ.

ಎಡವುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲಿ. ಒಂದು ಟ್ರೇ ಬೆಳಗ್ಗೆ, ಇನ್ನೊಂದು ಮಧ್ಯಾಹ್ನ ಇಟ್ಟರೆ ಫಲಿತಾಂಶ ಕೆಟ್ಟಂತೆಯೇ: ಹೊತ್ತು ಬದಲಾದರೆ ಹಕ್ಕಿಯ ಹಸಿವೂ ಬದಲಾಗುತ್ತದೆ. ಮೈನಾ ಬಳಗದ ಸ್ಟಾರ್ಲಿಂಗ್ ಹಕ್ಕಿಗಳ ಮೇಲಿನ ಪ್ರಯೋಗಗಳಲ್ಲಿ, ಹಸಿದಿದ್ದಾಗ ಪರಿಚಯವಾದ ಆಹಾರಮೂಲವನ್ನೇ ಅವು ಮುಂದೆಯೂ ಆರಿಸಿದವು, ಎರಡರಲ್ಲೂ ಸಿಗುವುದು ಸಮವಾಗಿದ್ದರೂ. ಗುಬ್ಬಿಗಳು ಒಂದನ್ನೊಂದು ನೋಡಿ ಇಳಿಯುತ್ತವೆ. ಆದ್ದರಿಂದ ನಿಮಗೆ ಸಿಗುವುದು ಗುಂಪಿನ ನಡತೆ, ಒಂದು ಹಕ್ಕಿಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ: ಮರಳು ಹಸಿಯಾಗಿ ಕಾಳಿಗೆ ಬೂಷ್ಟು ಹಿಡಿಯುತ್ತದೆ.

ಇದೇ ಲೆಕ್ಕವನ್ನು ಕುಂಡದ ಹೂವಿಗೆ ಬರುವ ಸೂರಕ್ಕಿಗೆ ಹಚ್ಚಬೇಡಿ. ಹೀರಿದ ಹೂವಿನಲ್ಲಿ ಮಕರಂದ ಮತ್ತೆ ತುಂಬಲು ಹೊತ್ತು ಬೇಕು, ಹಾಗಾಗಿ ಈಗಷ್ಟೇ ಸಿಕ್ಕ ಜಾಗ ಬಿಟ್ಟುಹೋಗುವುದೇ ಅದಕ್ಕೆ ಜಾಣತನ.