ಮೊಲದ ಕಣ್ಣಿನ ಬದಲು ಒಂಬತ್ತು ದಿನದ ಮೊಟ್ಟೆ

ಕಾಡಿಗೆ, ಶಾಂಪೂ ಕಣ್ಣಿಗೆ ಉರಿ ತರುತ್ತವೆಯೇ ಎಂದು ತಿಳಿಯಲು ಮೊದಲೆಲ್ಲ ಅವನ್ನು ಮೊಲದ ಕಣ್ಣಿಗೇ ಹಾಕಿ ನೋಡುತ್ತಿದ್ದರು. ಸೌಂದರ್ಯವರ್ಧಕಗಳಿಗೆ ಇಂಥ ಪರೀಕ್ಷೆಯನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿತು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸರಕಿನ ಆಮದಿಗೂ ಅದೇ ವರ್ಷ ತಡೆ ಬಿತ್ತು. ಹೊಸ ಔಷಧಗಳ ನಿಯಮಕ್ಕೆ 2023ರಲ್ಲಿ ಬಂದ ತಿದ್ದುಪಡಿ, ಪ್ರಾಣಿಗಳ ಬದಲು ಜೀವಕೋಶ ಪರೀಕ್ಷೆ, ಆರ್ಗನ್ ಚಿಪ್ (ಅಂಗದಂತೆ ಕೆಲಸ ಮಾಡುವ ಜೀವಕೋಶಗಳ ಪುಟ್ಟ ಸಾಧನ)ಗಳಿಗೂ ದಾರಿ ತೆರೆಯಿತು. ಆರ್ಗನ್ ಚಿಪ್ ದುಬಾರಿ. ಬಳ್ಳಾರಿ, ರಾಯಚೂರಿನ ಫಾರ್ಮಸಿ ಕಾಲೇಜುಗಳ ಕೈಗೆಟುಕುವುದು ಹೆಟ್-ಕ್ಯಾಮ್, ಅಂದರೆ ಕೋಳಿಮೊಟ್ಟೆಯ ಪೊರೆಯ ಪರೀಕ್ಷೆ.

ಅಂಗಡಿಯ ಮೊಟ್ಟೆ ನಡೆಯದು. ಹುಂಜವಿಲ್ಲದ ಫಾರಂನಿಂದ ಬಂದ ಅದರಲ್ಲಿ ಭ್ರೂಣವೇ ಇರುವುದಿಲ್ಲ. ಹ್ಯಾಚರಿಯಿಂದ 50–60 ಗ್ರಾಂ ತೂಗುವ, ಕಾವಿಗಿಡುವ ಮೊಟ್ಟೆ ತನ್ನಿ. ಬೇಕಾದುದಕ್ಕಿಂತ ಎರಡರಷ್ಟಿರಲಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಸಾಗಿಸಿದರೆ ಭ್ರೂಣ ದಾರಿಯಲ್ಲೇ ಅರೆಬರೆ ಬೆಳೆದು ಸಾಯುತ್ತದೆ. ನಸುಕಿನಲ್ಲೇ ತರುವುದು ಲೇಸು.

ಇನ್‌ಕ್ಯುಬೇಟರಿನಲ್ಲಿ 37.5ರಿಂದ 38 ಡಿಗ್ರಿ ಸೆಲ್ಸಿಯಸ್, ತೇವಾಂಶ ಸುಮಾರು ಶೇ 60 ಇರಬೇಕು. ಒಣ ಹವೆಗೆ ನೀರಿನ ಟ್ರೇ ಬೇಗ ಬತ್ತುತ್ತದೆ, ದಿನಕ್ಕೆರಡು ಸಲ ನೋಡಿ. ಕರೆಂಟು ಹೋದೀತು, ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಎಂಟನೇ ದಿನ ದೀಪಕ್ಕೆ ಹಿಡಿದು ಸತ್ತವನ್ನು ಬೇರ್ಪಡಿಸಿ, ಉಳಿದವನ್ನು ದಪ್ಪ ತುದಿ ಮೇಲಾಗಿ ನಿಲ್ಲಿಸಿ. ಮುಂದೆ ತಿರುಗಿಸಬಾರದು.

ಒಂಬತ್ತನೇ ದಿನ ಗಾಳಿಗೂಡಿನ, ಅಂದರೆ ದಪ್ಪ ತುದಿಯೊಳಗಿನ ಖಾಲಿ ಜಾಗದ, ಮೇಲಿನ ಚಿಪ್ಪು ಕತ್ತರಿಸಿ. ಒಳಗಿನ ಬಿಳಿಪೊರೆಯನ್ನು ಶೇ 0.9ರ ಸಲೈನಿನಲ್ಲಿ (ಉಪ್ಪುನೀರು) ನೆನೆಸಿ, ಚಿಮಟದಿಂದ ಮೆಲ್ಲಗೆ ಎತ್ತಿ. ಕೆಡುವುದೆಲ್ಲ ಇಲ್ಲೇ. ನೆನೆಯದ ಪೊರೆ ಎಳೆದರೆ ಕೆಳಗೆ ಪರೀಕ್ಷೆಗೆ ಬೇಕಾದ ಪೊರೆಯ ರಕ್ತನಾಳ ಹರಿದು ರಕ್ತ ಒಸರುತ್ತದೆ, ಆ ತಪ್ಪು ಪಾಪದ ಶಾಂಪೂವಿನ ತಲೆಗೆ ಬರುತ್ತದೆ. ಅಂಥ ಮೊಟ್ಟೆ ಬಿಟ್ಟುಬಿಡಿ.

ನಾಳಗಳ ಮೇಲೆ 0.3 ಮಿ.ಲೀ. ಮಾದರಿ ಹಾಕಿ, 300 ಸೆಕೆಂಡ್ ಕಣ್ಣು ಕೀಳದೆ ನೋಡಿ. ರಕ್ತಸ್ರಾವ, ನಾಳ ಕರಗುವಿಕೆ, ಹೆಪ್ಪುಗಟ್ಟುವಿಕೆ: ಪ್ರತಿಯೊಂದೂ ಮೊದಲು ಕಂಡ ಸೆಕೆಂಡನ್ನು ಬರೆದಿಡಿ. ಕಾಡಿಗೆ ಕಪ್ಪಗೆ ಮುಚ್ಚಿಬಿಡುವುದರಿಂದ ಸ್ವಲ್ಪ ಹೊತ್ತಿಗೆ ಸಲೈನಿನಿಂದ ತೊಳೆದೇ ನೋಡಬೇಕು. ಪ್ರತಿ ಮಾದರಿಗೆ ಮೂರು ಮೊಟ್ಟೆ. ಜೊತೆಗೆ ಹೋಲಿಕೆಗೆ ಬರೀ ಸಲೈನ್ ಹಾಕಿದ್ದು, ಖಂಡಿತ ಉರಿ ತರುವ 0.1 ನಾರ್ಮಲ್ (ಸಾಂದ್ರತೆಯ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ದು.

301ರಿಂದ ಆ ಸೆಕೆಂಡನ್ನು ಕಳೆದು, 300ರಿಂದ ಭಾಗಿಸಿ, ರಕ್ತಸ್ರಾವಕ್ಕೆ 5, ಕರಗುವಿಕೆಗೆ 7, ಹೆಪ್ಪಿಗೆ 9ರಿಂದ ಗುಣಿಸಿ ಕೂಡಿಸಿ. ಕಾಣದ್ದಕ್ಕೆ ಸೊನ್ನೆ. 61ನೇ ಸೆಕೆಂಡಿಗೆ ರಕ್ತ ಕಂಡರೆ 4; 151ಕ್ಕೆ ನಾಳ ಕರಗಿದರೆ 3.5, ಒಟ್ಟು 7.5. ಮೂರು ಮೊಟ್ಟೆಗಳ ಸರಾಸರಿ 1ರೊಳಗಿದ್ದರೆ ಉರಿಯಿಲ್ಲ, 5ರೊಳಗೆ ಅಲ್ಪ, 9ರೊಳಗೆ ಮಧ್ಯಮ, ಮೇಲಾದರೆ ತೀವ್ರ.

ಮುಗಿದ ಮೊಟ್ಟೆಗಳನ್ನು ಕೂಡಲೇ ಫ್ರೀಜರಿಗಿಟ್ಟು, ಆಮೇಲೆ ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ. ಉರಿ ತರುವ ಮಾದರಿಗಳನ್ನು ಮೊದಲ ಹಂತದಲ್ಲಿ ಬೇರ್ಪಡಿಸಲು ಈ ಪರೀಕ್ಷೆ ಸಾಕು. ಒಇಸಿಡಿ (ಪರೀಕ್ಷಾ ವಿಧಾನಗಳನ್ನು ಪ್ರಕಟಿಸುವ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿಯ ಫಲಿತಾಂಶವನ್ನೇ ಕೇಳಿದರೆ, ಮಾನವ ಜೀವಕೋಶಗಳಿಂದ ಬೆಳೆಸಿದ, ಕಾರ್ನಿಯಾದ (ಕಣ್ಣಿನ ಪಾರದರ್ಶಕ ಮುಂಪದರ) ಹೊರಪದರದಂಥ ಮಾದರಿಯ ಪರೀಕ್ಷೆ, ಅಂದರೆ ಮಾರ್ಗಸೂಚಿ 492ರಂಥದ್ದನ್ನು, ಮಾಡುವ ಲ್ಯಾಬಿಗೆ ಕಳಿಸಬೇಕು.